ಶಾಸಕನ ಕೆಲಸ ಎಂತದು? ಗೋಪಾಲಗೌಡರ ಲೆಕ್ಕ ತೆಗೆದು ನೋಡಿದರೆ

ನಮ್ಮ ಕಡೆ ಯಾವ ಕೃಷಿಕನನ್ನಾದರೂ "ನಿಮ್ಮ ಎಂಎಲ್‌ಎ ಹೇಗೆ ಮಾರಾಯ್ರೆ?" ಎಂದು ಕೇಳಿ ನೋಡಿ. ಉತ್ತರ ಹೆಚ್ಚುಕಮ್ಮಿ ಒಂದೇ ನಮೂನೆ. "ಅಡ್ಡಿಲ್ಲ, ನಮ್ಮ ಕೇರಿಗೆ ಕಾಂಕ್ರೀಟ್ ರಸ್ತೆ ಮಾಡಿಸಿಕೊಟ್ರು." "ದೇವಸ್ಥಾನದ ಜೀರ್ಣೋದ್ಧಾರಕ್ಕೆ ದುಡ್ಡು ಕೊಡಿಸಿದ್ರು." "ಮದುವೆಗೆ ಕರೆದ್ರೆ ಬರ್ತಾರೆ, ಸತ್ತಾಗ ಕರೆಯದಿದ್ರೂ ಬರ್ತಾರೆ." "ಫೋನ್ ಎತ್ತೋದಿಲ್ಲ, ಮುಂದಿನ ಸಲ ನೋಡ್ಕೊಳ್ತೇವೆ." ಹೊಗಳಿಕೆಯಾಗಲಿ ಬೈಗುಳವಾಗಲಿ ಇಷ್ಟರೊಳಗೇ ಮುಗಿಯುತ್ತದೆ.

"ಕಳೆದ ಅಧಿವೇಶನದಲ್ಲಿ ನಿಮ್ಮ ಎಂಎಲ್‌ಎ ಎಂತ ಪ್ರಶ್ನೆ ಕೇಳಿದ್ರು? ಯಾವ ಮಸೂದೆಯ ಮೇಲೆ ಮಾತಾಡಿದ್ರು? ಪರವೋ ವಿರೋಧವೋ?" ಎಂದು ಕೇಳಿದರೆ ಎದುರಿನವರು ನಮ್ಮ ಮುಖ ನೋಡುತ್ತಾರೆ. ಅಂಥ ಪ್ರಶ್ನೆಯೂ ಉಂಟಾ ಅನ್ನುವ ಹಾಗೆ.

ಶಾಸಕ ಎಂಬ ಶಬ್ದದಲ್ಲೇ ಶಾಸನ ಇದೆ. ಕಾನೂನು ಮಾಡುವುದಕ್ಕೆಂದು ನಾವು ಕಳಿಸಿದ ಮನುಷ್ಯ ಅವರು. ರಸ್ತೆಗೆ ಇಲಾಖೆ ಇದೆ, ಮೋರಿಗೆ ಪಂಚಾಯ್ತಿ ಇದೆ, ಲೈನು ಹರಿದರೆ ಲೈನ್‌ಮ್ಯಾನ್ ಇದ್ದಾರೆ. ಕಾನೂನು ಮಾಡಲಿಕ್ಕೆ ಮಾತ್ರ ಬೇರೆ ಯಾರೂ ಇಲ್ಲ. ಹೀಗಿದ್ದೂ ಆ ಒಂದು ಕೆಲಸದ ಲೆಕ್ಕವನ್ನೇ ನಾವು ಕೇಳುವುದಿಲ್ಲ.

ಇದನ್ನು ಬರೆಯಲು ಕಾರಣ ಉಂಟು. ನಮ್ಮ ತೋಟ, ಗದ್ದೆ, ಬೆಟ್ಟ, ಕುಮ್ಕಿ, ಬಾಣೆ ಇವುಗಳಲ್ಲಿ ಯಾವುದು ನಮ್ಮದು, ಯಾವುದು ಅಲ್ಲ ಎಂದು ತೀರ್ಮಾನವಾದದ್ದು ವಿಧಾನಸಭೆಯ ಒಳಗೆ. ಮುಂದೆ ತೀರ್ಮಾನವಾಗುವುದೂ ಅಲ್ಲಿಯೇ. ಶಾಸಕನ ಕೆಲಸವನ್ನು ಯಾವ ಅಳತೆಯಲ್ಲಿ ಅಳೆಯಬೇಕು ಎಂದು ಯೋಚಿಸುವಾಗಲೆಲ್ಲ ನನಗೆ ನೆನಪಾಗುವ ಹೆಸರು ಶಾಂತವೇರಿ ಗೋಪಾಲಗೌಡರದ್ದು. ಈಗಿನ ಹುಡುಗರಿಗೆ ಅದು ಒಂದು ಸರ್ಕಲ್ಲಿನ ಹೆಸರು, ಒಂದು ರಂಗಮಂದಿರದ ಹೆಸರು, ಅಷ್ಟೆ. ಅವರ ರಾಜಕೀಯದ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಿದರೆ ನಮ್ಮ ಇವತ್ತಿನ ಪ್ರಶ್ನೆಗೆ ಉತ್ತರ ಸಿಗಬಹುದು.

ಕೊಳಗದಿಂದ ಶುರುವಾದದ್ದು

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ. 1942ರ ಚಳವಳಿಯಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡವರು. ಆಮೇಲೆ ಸಮಾಜವಾದಿ ಪಕ್ಷ. ಆದರೆ ಅವರನ್ನು ಮಲೆನಾಡಿನ ಮನೆಮನೆಗೆ ಪರಿಚಯಿಸಿದ್ದು ಕಾಗೋಡು.

ಸಾಗರ ತಾಲೂಕಿನ ಕಾಗೋಡು ಗ್ರಾಮದ ಗೇಣಿದಾರರ ತಕರಾರು ಮೊದಲು ಕೊಳಗದ ಬಗ್ಗೆ. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಾಗಿದೆ, ಸರಿಯಾದ ಅಳತೆಯಲ್ಲಿ ತೆಗೆದುಕೊಳ್ಳಿ ಎಂದು ಅವರು ಕೇಳಿದರು. ವರ್ಷವಿಡೀ ಕೆಸರಿನಲ್ಲಿ ನಿಂತು ಬೆಳೆದ ಭತ್ತ ಕೊಳಗಕ್ಕೆ ಇಷ್ಟಿಷ್ಟೇ ಹೆಚ್ಚು ಹೋದರೆ ಕಣದಲ್ಲಿ ಉಳಿಯುವುದು ಎಷ್ಟು ಎಂಬುದನ್ನು ಕೃಷಿಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಳತೆಯ ಜೊತೆಗೆ ಮರ್ಯಾದೆಯ ಪ್ರಶ್ನೆಯೂ ಇತ್ತು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಅವರನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪನವರು. ಜಗಳ ಬೆಳೆದು ಗೇಣಿದಾರರಿಗೆ ಗದ್ದೆಯೇ ತಪ್ಪಿಹೋದಾಗ, 1951ರ ಏಪ್ರಿಲ್ 18ರಂದು ಅವರು ನೇಗಿಲು ಹೊತ್ತು ಅದೇ ಗದ್ದೆಗೆ ಇಳಿದರು. ಅದೇ ಕಾಗೋಡು ಸತ್ಯಾಗ್ರಹ. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು, ಗೋಪಾಲಗೌಡರು ಮುಂದೆ ನಿಂತು ಜೈಲಿಗೂ ಹೋದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದರು, ಸಾಗರದಲ್ಲಿ ಬಂಧನಕ್ಕೊಳಗಾದರು. ಒಂದು ಹಳ್ಳಿಯ ಕೊಳಗದ ಜಗಳ ದೇಶಕ್ಕೇ ಗೊತ್ತಾಯಿತು.

ಇಲ್ಲೊಂದು ವಿಷಯ ಗಮನಿಸಬೇಕು. ಆ ಹೋರಾಟ ನಡೆದ ಕೂಡಲೇ ಕಾಗೋಡಿನ ರೈತರ ಕೈಗೆ ಭೂಮಿ ಬರಲಿಲ್ಲ. ಸತ್ಯಾಗ್ರಹ, ಜೈಲು, ಸುದ್ದಿ ಎಲ್ಲ ಆಯ್ತು. ಗದ್ದೆ ಮಾತ್ರ ಕಾಗದದಲ್ಲಿ ಯಾರದ್ದಿತ್ತೋ ಅವರದ್ದೇ. ಯಾಕೆಂದರೆ ಕಾನೂನು ಹಾಗಿತ್ತು. ಬೀದಿಯ ಹೋರಾಟ ಕಾನೂನಿನ ಬಾಗಿಲವರೆಗೆ ಹೋಗಿ ಅಲ್ಲಿ ನಿಲ್ಲುತ್ತದೆ. ಬಾಗಿಲು ತೆಗೆಯುವವರು ಒಳಗೆ ಇರಬೇಕು.

ಒಂದು ಓಟು, ಒಂದು ನೋಟು

ಮಾರನೇ ವರ್ಷವೇ, 1952ರಲ್ಲಿ, ಮೊದಲ ಸಾರ್ವತ್ರಿಕ ಚುನಾವಣೆ. ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ನಿಂತು ಗೆದ್ದರು. ಆಗ ವಯಸ್ಸು ಇಪ್ಪತ್ತೊಂಬತ್ತರ ಆಸುಪಾಸು. ಆಸ್ತಿಯಿಲ್ಲ, ಕಾರಿಲ್ಲ. ಅವರ ಚುನಾವಣೆಗಳ ಬಗ್ಗೆ ಮಲೆನಾಡಿನಲ್ಲಿ ಈಗಲೂ ಜನ ಹೇಳುವ ಮಾತು "ಒಂದು ಓಟು, ಒಂದು ನೋಟು". ಓಟಿನ ಜೊತೆಗೆ ಖರ್ಚಿಗೆಂದು ಒಂದು ರೂಪಾಯಿಯ ನೋಟನ್ನೂ ಓಟುದಾರರೇ ಕೊಡುವುದು. ಈಗ ನೋಟು ಹರಿಯುವ ದಿಕ್ಕು ಯಾವ ಕಡೆಗೆ ಎಂದು ನಾನು ಬರೆಯಬೇಕಾಗಿಲ್ಲ, ಓದುವವರಿಗೂ ಗೊತ್ತು, ತೆಗೆದುಕೊಂಡವರಿಗೂ ಗೊತ್ತು.

ಈ ಒಂದು ರೂಪಾಯಿಯಲ್ಲಿ ಬರೀ ತ್ಯಾಗದ ಕತೆ ಕಾಣಬೇಡಿ, ವ್ಯವಹಾರವೂ ಉಂಟು. ದುಡ್ಡು ಹಾಕಿದವನಿಗೆ ಕೇಳುವ ಹಕ್ಕು ಇರುತ್ತದೆ. ಸಹಕಾರಿ ಸಂಘದ ಷೇರು ಇದ್ದವನು ಮಹಾಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವುದಿಲ್ಲವೇ, ಹಾಗೆ. ದುಡ್ಡು ತೆಗೆದುಕೊಂಡವನಿಗೆ ಆ ಹಕ್ಕು ಎಲ್ಲಿಂದ ಬರಬೇಕು? ಐನೂರು ರೂಪಾಯಿಗೆ ನಾವು ಮಾರುವುದು ಓಟು ಎಂದು ತಿಳಿದಿದ್ದೇವೆ. ಓಟಿನ ಜೊತೆ ಐದು ವರ್ಷ ಬಾಯಿ ತೆರೆಯುವ ಹಕ್ಕನ್ನೂ ಕೊಟ್ಟುಬಿಟ್ಟಿರುತ್ತೇವೆ.

ಆಗಿನ ಮೈಸೂರು ವಿಧಾನಸಭೆಯಲ್ಲಿ 99 ಸ್ಥಾನ. ಕಾಂಗ್ರೆಸ್ಸಿಗೆ 74. ಸಮಾಜವಾದಿ ಪಕ್ಷಕ್ಕೆ 3. ಮೂರು ಜನ ಎದ್ದು ನಿಂತು ಕಿರುಚಿದರೆ ಸರಕಾರ ಬೀಳುತ್ತದೆಯೇ? ಬೀಳುವುದಿಲ್ಲ. ಆದರೂ ಅದೇ ಕಾಲದಲ್ಲಿ, 1952ರಲ್ಲಿ, ಮೈಸೂರು ಗೇಣಿ ಕಾಯ್ದೆ ಬಂತು. ತಂದ ಕಂದಾಯ ಮಂತ್ರಿ ಕಡಿದಾಳು ಮಂಜಪ್ಪನವರು ಕೂಡ ತೀರ್ಥಹಳ್ಳಿ ತಾಲೂಕಿನವರೇ, ಇನಾಮು ರದ್ದತಿಗೂ ಶ್ರಮಿಸಿದವರು, ಪ್ರಾಮಾಣಿಕರು. ಒಂದೇ ತಾಲೂಕಿನ ಇಬ್ಬರು, ಒಬ್ಬರು ಆಡಳಿತದ ಕಡೆ, ಒಬ್ಬರು ವಿರೋಧದ ಕಡೆ. ಮಂಜಪ್ಪನವರು ಗೇಣಿದಾರನಿಗೆ ಭದ್ರತೆ ಕೊಡುವ ದಾರಿಯಲ್ಲಿದ್ದರೆ, ಗೋಪಾಲಗೌಡರು ಭದ್ರತೆ ಸಾಲದು, ಉಳುವವನಿಗೆ ಒಡೆತನವೇ ಬೇಕು ಎನ್ನುವವರು. ಒಳ್ಳೆಯ ಮಂತ್ರಿಗೂ ಹಿಂದಿನಿಂದ ದೂಡುವವರು ಬೇಕು. ಎತ್ತು ಎಷ್ಟು ಒಳ್ಳೆಯದಾದರೂ ಗಾಡಿ ಏರು ಹತ್ತುವಾಗ ಹಿಂದೆ ಒಬ್ಬ ಹೆಗಲು ಕೊಟ್ಟೇ ಕೊಡುತ್ತಾನಲ್ಲ.

ಸೋಲಿಸಿದ ಐದು ವರ್ಷ

1957ರ ಚುನಾವಣೆಯಲ್ಲಿ ಗೋಪಾಲಗೌಡರು ಸೋತರು. ಸೋಲು-ಗೆಲುವು ಇದ್ದದ್ದೇ ಎಂದು ಬಿಟ್ಟುಬಿಡಬಹುದು. ಆದರೆ ಆ ಐದು ವರ್ಷದಲ್ಲಿ ಸದನದಲ್ಲಿ ಏನು ನಡೆಯಿತು ನೋಡಿ.

1956ರಲ್ಲಿ ರಾಜ್ಯ ಒಂದಾಗಿತ್ತು. ಮದರಾಸಿನಿಂದ ಬಂದ ದಕ್ಷಿಣ ಕನ್ನಡ, ಮುಂಬಯಿಯಿಂದ ಬಂದ ಉತ್ತರ ಕನ್ನಡ, ಹೈದರಾಬಾದಿನ ಜಿಲ್ಲೆಗಳು, ಕೊಡಗು, ಹಳೇ ಮೈಸೂರು, ಒಂದೊಂದು ಕಡೆ ಒಂದೊಂದು ಗೇಣಿ ಕಾನೂನು. ಮೂಲಗೇಣಿ, ಚಾಲಗೇಣಿ ಎಂದು ನಮ್ಮ ಕರಾವಳಿಯ ಲೆಕ್ಕವೇ ಬೇರೆ. ಎಲ್ಲವನ್ನೂ ಸೇರಿಸಿ ಒಂದೇ ಕಾನೂನು ಮಾಡಲು 1957ರಲ್ಲಿ ಬಿ.ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿ ಆಯಿತು. ಅದರ ಮೇಲೆ ಮಸೂದೆ ಬಂತು, 1961ರಲ್ಲಿ ಭೂಸುಧಾರಣಾ ಕಾಯ್ದೆ ಅಂಗೀಕಾರವಾಯಿತು. ಇಡೀ ರಾಜ್ಯದ ಭೂಮಿಯ ಹಣೆಬರಹ ಬರೆದ ಕಾನೂನು ಅದು. ಅದರ ಒಂದೊಂದು ಕಲಮಿನ ಮೇಲೆ ಚರ್ಚೆಯಾಗುವಾಗ ಗೋಪಾಲಗೌಡರು ಸದನದ ಹೊರಗೆ. ನಾವೇ ಕೂರಿಸಿದ್ದು.

ಆ ಕಾಯ್ದೆಯಲ್ಲಿ "ಸ್ವಂತ ಸಾಗುವಳಿಗೆ ಬೇಕು" ಎಂದು ಧಣಿ ಭೂಮಿ ಹಿಂದಕ್ಕೆ ಪಡೆಯಲು ಅವಕಾಶ ಇತ್ತು. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ಕ್ಕೆ, ಅಂದರೆ ಕಾನೂನು ಪಾಸಾದ ನಾಲ್ಕು ವರ್ಷದ ನಂತರ. ನಾಲ್ಕು ವರ್ಷದಲ್ಲಿ ಬುದ್ಧಿವಂತರು ಕಾಗದಪತ್ರ ಹೇಗೆ ಬೇಕೋ ಹಾಗೆ ಮಾಡಿಕೊಂಡರು. ಗೋಪಾಲಗೌಡರು ಒಬ್ಬರು ಇದ್ದಿದ್ದರೆ ಕಾನೂನೇ ಬೇರೆಯಾಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಕೈ ಎತ್ತುವ ಲೆಕ್ಕದಲ್ಲಿ ಅವರದ್ದು ಒಂದೇ ಕೈ. ಆದರೆ ಬಾಯಿಯ ಲೆಕ್ಕ ಹಾಗಲ್ಲ. ಸದನದಲ್ಲಿ ಒಬ್ಬ ಎದ್ದು "ಈ ಕಲಮಿನಿಂದ ಇಂಥವನ ಗದ್ದೆ ಹೋಗುತ್ತದೆ" ಎಂದು ಬಿಡಿಸಿ ಹೇಳಿದರೆ ಅದು ದಾಖಲೆಯಾಗುತ್ತದೆ, ಪತ್ರಿಕೆಗೆ ಬರುತ್ತದೆ, ಹಳ್ಳಿಯವನಿಗೂ ಮುಂಚಿತವಾಗಿ ಗೊತ್ತಾಗುತ್ತದೆ. ಗೊತ್ತಾದವನು ಕಾಗದ ಇಟ್ಟುಕೊಳ್ಳುತ್ತಾನೆ. ಗೊತ್ತಾಗದವನು ಗದ್ದೆ ಬಿಟ್ಟು ಏಳುತ್ತಾನೆ.

1962 ಮತ್ತು 1967ರಲ್ಲಿ ತೀರ್ಥಹಳ್ಳಿಯ ಜನ ಅವರನ್ನು ಮತ್ತೆ ಕಳಿಸಿದರು. ಭೂಮಿ, ಕನ್ನಡದಲ್ಲಿ ಆಡಳಿತ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು – ಇವೇ ಅವರ ಮಾತಿನ ವಿಷಯಗಳು. ಒಟ್ಟು ಮೂರು ಸಲ ಶಾಸಕ. ಮೂರೂ ಸಲ ವಿರೋಧ ಪಕ್ಷ. ಒಂದು ದಿನವೂ ಮಂತ್ರಿಯಲ್ಲ. 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ, ಕಾಯಿಲೆಯಿಂದ ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು ಮರುವರ್ಷ, 1973ರ ನವೆಂಬರ್ 1ಕ್ಕೆ. ಉಳುವವನಿಗೆ ಭೂಮಿ ಬಂದದ್ದು ಅದರ ಮರುವರ್ಷ. ಎರಡನ್ನೂ ಅವರು ಕಣ್ಣಿಂದ ನೋಡಲಿಲ್ಲ.

ಡಿಕ್ಲರೇಶನ್ ಬಂದಾಗ

1974ರ ಮಾರ್ಚ್ 1. ನಮ್ಮ ಕಡೆಯ ಹಿರಿಯರು ಈಗಲೂ ಕಾಲವನ್ನು "ಡಿಕ್ಲರೇಶನ್ನಿನ ಮೊದಲು", "ಡಿಕ್ಲರೇಶನ್ ಆದ ಮೇಲೆ" ಎಂದು ಎರಡು ಮಾಡಿ ಹೇಳುತ್ತಾರೆ. ದೇವರಾಜ ಅರಸರ ಸರಕಾರ ತಂದ ತಿದ್ದುಪಡಿ ಆ ದಿನ ಜಾರಿಗೆ ಬಂತು. ಗೇಣಿ ಭೂಮಿಯೆಲ್ಲ ಸರಕಾರದಲ್ಲಿ ನಿಹಿತವಾಯಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷತೆಯ ಭೂನ್ಯಾಯ ಮಂಡಳಿ ವಿಚಾರಣೆ ಮಾಡಿ ತೀರ್ಮಾನ ಕೊಡಬೇಕು. ಮಂಡಳಿಯಲ್ಲಿ ಅಧಿಕಾರಿಗಳಲ್ಲದ ನಾಲ್ವರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮೊದಮೊದಲು ಅಲ್ಲಿ ವಕೀಲರಿಗೆ ಪ್ರವೇಶ ಇರಲಿಲ್ಲ. ಕೋರಾ ಅಂಗಿ ಹಾಕಿದ ಒಕ್ಕಲು ಎದ್ದು ನಿಂತು "ಈ ಗದ್ದೆ ನನ್ನಪ್ಪನ ಕಾಲದಿಂದ ನಾನೇ ಮಾಡಿದ್ದು" ಎಂದು ಹೇಳಿದ, ಬರೆದುಕೊಂಡರು. ಈ ಕಾನೂನಿನಿಂದ ಹೆಚ್ಚಿನ ಲಾಭವಾದದ್ದು ನಮ್ಮ ಕರಾವಳಿ ಮತ್ತು ಮಲೆನಾಡಿಗೇ, ಯಾಕೆಂದರೆ ಗೇಣಿ ಇದ್ದದ್ದೂ ಇಲ್ಲೇ ಹೆಚ್ಚು.

ಈ ಪತ್ರಿಕೆ ಓದುವವರಲ್ಲಿ ಡಿಕ್ಲರೇಶನ್ನಿನಲ್ಲಿ ಭೂಮಿ ಪಡೆದ ಮನೆಯವರಿದ್ದಾರೆ, ಕಳೆದುಕೊಂಡ ಮನೆಯವರೂ ಇದ್ದಾರೆ. ನನ್ನ ತಂದೆಯ ಕಡೆ ಹೋಯಿತು, ತಾಯಿಯ ಕಡೆ ಬಂತು. ಹಾಗಾಗಿ ಎರಡೂ ಮಾತು ನನಗೆ ಕೇಳಿ ಗೊತ್ತು. ದೊಡ್ಡ ಧಣಿಗಳು ಮುಂಚೆಯೇ ದಾರಿ ಮಾಡಿಕೊಂಡರು, ಎರಡು ಮುಡಿ ಗೇಣಿ ನಂಬಿ ಬದುಕಿದ್ದ ವಿಧವೆಯ ಗದ್ದೆ ಹೋಯಿತು ಎಂಬುದು ಸುಳ್ಳಲ್ಲ. ಅಂಥವರಿಗೆ ಪರಿಹಾರ ಬಂದದ್ದು ಅಲ್ಪ, ಅದೂ ಕಂತಿನಲ್ಲಿ. ಆ ನೋವಿಗೆ ಸದನದಲ್ಲಿ ಬಾಯಿಯಾಗುವವರು ಇನ್ನೂ ಹೆಚ್ಚು ಇರಬೇಕಿತ್ತು. ಆದರೆ ಇವತ್ತು ಒಟ್ಟು ಲೆಕ್ಕ ತೆಗೆಯುವಾಗ ಒಂದು ಮಾತು ಒಪ್ಪಲೇಬೇಕು. ತನ್ನದು ಎಂದಾದ ಮೇಲೆಯೇ ಒಕ್ಕಲು ಗುಡ್ಡ ಅಗೆದು ಅಡಿಕೆ ಇಟ್ಟದ್ದು, ಬಾವಿ ತೋಡಿದ್ದು, ತೆಂಗು ನೆಟ್ಟದ್ದು. ಮುಂದಿನ ವರ್ಷ ಬಿಡಿಸಿಬಿಡಬಹುದಾದ ಚಾಲಗೇಣಿ ಜಾಗದಲ್ಲಿ ಫಸಲಿಗೆ ಏಳೆಂಟು ವರ್ಷ ಕಾಯುವ ಗಿಡ ಯಾರು ನೆಡುತ್ತಾರೆ? ನಮ್ಮ ಜಿಲ್ಲೆಗಳ ಎಷ್ಟೋ ಸಣ್ಣ ತೋಟಗಳ ಬುಡದಲ್ಲಿ ಗೊಬ್ಬರಕ್ಕಿಂತ ಮೊದಲು ಬಿದ್ದದ್ದು ಈ ಕಾನೂನು.

ಕಾನೂನು ತಂದ ಕೀರ್ತಿ ಅರಸರದ್ದು, ಅದನ್ನು ಯಾರೂ ಕಿತ್ತುಕೊಳ್ಳಬೇಕಾಗಿಲ್ಲ. ಆದರೆ 1951ರ ಕೊಳಗದಿಂದ 1974ರ ನಮೂನೆ 7ರವರೆಗಿನ 23 ವರ್ಷ ಆ ಮಾತನ್ನು ಆರಲು ಬಿಡದೆ ಊದಿದವರು ಬೇರೆ. ಅವರಲ್ಲಿ ಗೋಪಾಲಗೌಡರು ಮುಖ್ಯರು.

"ಅವರು ಎಂತ ಕೆಲಸ ಮಾಡಿಸಿದ್ರು?"

ಈ ಪ್ರಶ್ನೆಯನ್ನು ಅವರ ಕಾಲದಲ್ಲೂ ಕೇಳುತ್ತಿದ್ದರು, ಈಗಲೂ ಕೇಳುತ್ತಾರೆ. ಬರೀ ಭಾಷಣ ಮಾಡಿದರು, ಊರಿಗೆ ಒಂದು ಸಂಕ ಹಾಕಿಸಲಿಲ್ಲ ಎಂದು. ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಮಳೆಗಾಲದಲ್ಲಿ ಮಗುವನ್ನು ಹೊತ್ತು ಹೊಳೆ ದಾಟುವ ತಾಯಿಗೆ ಸಂಕವೇ ದೊಡ್ಡದು. ಅವಳ ಹತ್ತಿರ ಹೋಗಿ ಕಾನೂನಿನ ಮಹತ್ವ ಹೇಳಿದರೆ ಅವಳು ಬೈಯುವುದೇ ಸರಿ.

ಆದರೆ ಸಂಕ ಮಾಡಿಸಲಿಕ್ಕೆ ಈಗ ಜಿಲ್ಲಾ ಪಂಚಾಯ್ತಿ, ತಾಲೂಕು ಪಂಚಾಯ್ತಿ, ಗ್ರಾಮ ಪಂಚಾಯ್ತಿ ಎಂದು ಮೂರು ಹಂತದ ವ್ಯವಸ್ಥೆ ಇಟ್ಟಿದ್ದೇವೆ. ಅವುಗಳ ಕೈಗೆ ದುಡ್ಡು, ಅಧಿಕಾರ ಸರಿಯಾಗಿ ಹೋದರೆ ಸಂಕ ತನ್ನಿಂದ ತಾನೇ ಆಗುತ್ತದೆ. ಹೋಗುವುದಿಲ್ಲ ಯಾಕೆ? ಹೋದರೆ ಗುದ್ದಲಿ ಪೂಜೆ ಮಾಡುವವರು ಬೇರೆಯವರಾಗುತ್ತಾರೆ. ಶಾಸಕರು ಮೇಸ್ತ್ರಿಯ ಕೆಲಸ ಹಿಡಿದದ್ದರಿಂದ ಪಂಚಾಯ್ತಿಯ ಕೆಲಸವೂ ಕೆಟ್ಟಿತು, ಶಾಸನದ ಕೆಲಸವೂ ಕೆಟ್ಟಿತು. ಇದರಲ್ಲಿ ಅವರ ತಪ್ಪು ಅರ್ಧ. ಉಳಿದರ್ಧ ಬೇಡಿಕೆ ಪಟ್ಟಿ ಹಿಡಿದು ಅವರ ಮನೆ ಜಗಲಿಯಲ್ಲಿ ಕೂರುವ ನಮ್ಮದು.

ವಿರೋಧ ಪಕ್ಷದ ಒಬ್ಬ ಶಾಸಕನ ಮಾತಿನಿಂದ ಎಂತ ಆಗ್ತದೆ ಎನ್ನುವವರು ಶಿವಮೊಗ್ಗ ಜಿಲ್ಲೆಯನ್ನೇ ನೋಡಲಿ. 1967ರಲ್ಲಿ ಸೊರಬದಿಂದ ಗೆದ್ದ ಎಸ್. ಬಂಗಾರಪ್ಪ ಅದೇ ಸಮಾಜವಾದಿ ಗರಡಿಯವರು. 1990ರಲ್ಲಿ ಮುಖ್ಯಮಂತ್ರಿಯಾದಾಗ 10 ಅಶ್ವಶಕ್ತಿಯವರೆಗಿನ ಪಂಪುಸೆಟ್ಟಿಗೆ ಉಚಿತ ವಿದ್ಯುತ್ ಕೊಟ್ಟರು. 1996ರಲ್ಲಿ ಮುಖ್ಯಮಂತ್ರಿಯಾದ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದವರು. ಅದೇ ಕಾಗೋಡಿನ ಗೇಣಿ ಒಕ್ಕಲ ಮನೆಯ ಕಾಗೋಡು ತಿಮ್ಮಪ್ಪ 1972ರಲ್ಲಿ ಸಾಗರದ ಶಾಸಕರಾದರು, ಮುಂದೆ ಸಭಾಧ್ಯಕ್ಷರೂ ಆದರು. 2016ರಲ್ಲಿ ಕಂದಾಯ ಮಂತ್ರಿಯಾದರು. ತಾಂಡಾ, ಹಟ್ಟಿ, ಹಾಡಿಗಳಲ್ಲಿ ಮನೆ ಕಟ್ಟಿ ಕೂತವರಿಗೆ ಮನೆಯಡಿಯ ಜಾಗದ ಹಕ್ಕು ಕೊಡುವ ತಿದ್ದುಪಡಿ ಅದೇ ಭೂಸುಧಾರಣಾ ಕಾಯ್ದೆಗೆ ಅವರ ಒತ್ತಾಸೆಯಿಂದ ಬಂತು. ಕೊಳಗದ ಜಗಳದ ಮಣ್ಣಿನ ಮಗನೇ ಕಂದಾಯ ಇಲಾಖೆಯ ಕುರ್ಚಿಯಲ್ಲಿ ಕೂತು ಕಲಮು ತಿದ್ದಿದ್ದು. ಇವರೆಲ್ಲರ ರಾಜಕೀಯದಲ್ಲಿ ನನಗೆ ಒಪ್ಪದ ಸಂಗತಿಗಳೂ ಬೇಕಾದಷ್ಟಿವೆ. ಆದರೆ ಬೀಜ ಎಲ್ಲಿಯದೆಂದು ಫಸಲು ನೋಡಿದರೆ ಗೊತ್ತಾಗುತ್ತದೆ.

ಈಗ ನಮ್ಮ ಬೆನ್ನ ಹಿಂದೆ

ಹಳೆಯ ಕತೆ ಸಾಕು, ಇತ್ತೀಚಿನದಕ್ಕೆ ಬರೋಣ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ದೊಡ್ಡ ತಿದ್ದುಪಡಿ ಆಯಿತು. 79ಎ, 79ಬಿ, 79ಸಿ ಕಲಮುಗಳನ್ನು ತೆಗೆದುಹಾಕಿದರು. 79ಬಿ ಎಂದರೆ ಕೃಷಿಕನಲ್ಲದವನು ಕೃಷಿ ಭೂಮಿ ಹೊಂದಬಾರದು ಎಂಬ ಕಲಮು. 79ಎ ಎಂದರೆ ಬೇರೆ ಮೂಲದಿಂದ ಇಂತಿಷ್ಟಕ್ಕಿಂತ ಹೆಚ್ಚು ಆದಾಯ ಇರುವವನು ಕೃಷಿ ಭೂಮಿ ಕೊಳ್ಳಬಾರದು ಎಂಬುದು. ಆ ಮಿತಿಯನ್ನು 2015ರಲ್ಲೇ 25 ಲಕ್ಷಕ್ಕೆ ಏರಿಸಿದ್ದರು, 2020ರಲ್ಲಿ ಬೇಲಿಯನ್ನೇ ಕಿತ್ತರು. ಅದೂ ಮೊದಲು ಸುಗ್ರೀವಾಜ್ಞೆಯ ಮೂಲಕ, ಕೊರೊನಾ ಕಾಲದಲ್ಲಿ, ಜನ ಮನೆಯಿಂದ ಹೊರಬೀಳಲು ಹೆದರುತ್ತಿದ್ದಾಗ. ಸದನದ ಚರ್ಚೆ ಆಮೇಲೆ.

ಇದು ಸರಿಯೋ ತಪ್ಪೋ, ಕೃಷಿಕರಲ್ಲೇ ಎರಡು ಅಭಿಪ್ರಾಯ ಇದೆ. ಮಾರುವವನಿಗೆ ಒಳ್ಳೆಯ ಕ್ರಯ ಸಿಗ್ತದೆ, ನಮ್ಮ ಜಾಗ ಯಾರಿಗೆ ಮಾರಬೇಕೆಂದು ಸರಕಾರ ಯಾಕೆ ಹೇಳಬೇಕು ಎನ್ನುವವರಿದ್ದಾರೆ. ಪಕ್ಕದ ಜಾಗ ಕೊಳ್ಳಬೇಕೆಂದಿರುವ ಸಣ್ಣ ಕೃಷಿಕ ಪೇಟೆಯ ದುಡ್ಡಿನೆದುರು ಎಲ್ಲಿ ನಿಲ್ಲುತ್ತಾನೆ, ನೀರಿನ ಹಕ್ಕು, ದಾರಿ ಹಕ್ಕು ಎಲ್ಲ ಬೇಲಿಯೊಳಗೆ ಹೋಗಿ ಊರೇ ರೆಸಾರ್ಟ್ ಆಗ್ತದೆ ಎನ್ನುವವರಿದ್ದಾರೆ. ನಾನು ಎರಡನೆಯವರ ಕಡೆ. ಆದರೆ ನನ್ನ ಮುಖ್ಯ ದೂರು ಬೇರೆ. ಇಷ್ಟು ದೊಡ್ಡ ಬದಲಾವಣೆ ಆಗುವಾಗ ನಮ್ಮ ಶಾಸಕರು ಎಂತ ಹೇಳಿದರು ಎಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅವರು ನಮ್ಮನ್ನು ಕೇಳಿದರೇ? ನಾವು ಅವರನ್ನು ಕೇಳಿದೆವೇ?

ಇನ್ನೊಂದು ಮಗ್ಗುಲೂ ಉಂಟು. 1974ರ ಕಾನೂನು ಗೇಣಿಗೆ ಕೊಡುವುದನ್ನೇ ನಿಷೇಧಿಸಿತು, ಸೈನಿಕರು ಮತ್ತು ನಾವಿಕರಿಗೆ ಮಾತ್ರ ವಿನಾಯಿತಿ. ಅಂದು ಅದು ಬೇಕಿತ್ತು. ಇಂದು ಮಕ್ಕಳೆಲ್ಲ ಬೆಂಗಳೂರಿಗೆ ಹೋಗಿ, ಮುದುಕರಿಬ್ಬರೇ ಉಳಿದ ಮನೆಗಳ ಗದ್ದೆ ಹಡಿಲು ಬಿದ್ದಿದೆ. ಮಾಡುವ ಉಮೇದಿರುವ ಹುಡುಗ ಪಕ್ಕದಲ್ಲೇ ಇದ್ದಾನೆ, ಆದರೆ ಬರವಣಿಗೆಯಲ್ಲಿ ಕೊಡಲು ಕಾನೂನಿಲ್ಲ, ಬಾಯಿಮಾತಿನಲ್ಲಿ ಕೊಡಲು ಧೈರ್ಯವಿಲ್ಲ. ಭೂಮಿ ಕೊಟ್ಟವನಿಗೂ ಭಯವಿಲ್ಲದ, ಮಾಡುವವನಿಗೂ ಸಾಲ-ವಿಮೆ ಸಿಗುವ ಒಂದು ದಾರಿ ಬೇಕು. ಇದು ಹಲವು ವರ್ಷದಿಂದ ಕಾಯುತ್ತಿರುವ ಶಾಸನದ ಕೆಲಸ. ಕುಮ್ಕಿ, ಬಾಣೆ, ಸೊಪ್ಪಿನಬೆಟ್ಟದ ಹಕ್ಕಿನ ಪ್ರಶ್ನೆ, 1964ರ ಲಿಂಗನಮಕ್ಕಿ ಮುಳುಗಡೆಯಲ್ಲಿ ಎದ್ದುಬಂದವರ ಹಕ್ಕುಪತ್ರದ ಪ್ರಶ್ನೆ, ಎಲ್ಲ ಅದೇ ಸಾಲಿನವು. ಯಾವ ಗುದ್ದಲಿ ಪೂಜೆಯಿಂದಲೂ ಇವು ಬಗೆಹರಿಯುವುದಿಲ್ಲ.

ಸದನ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕು ಎಂದು ನಮ್ಮ ರಾಜ್ಯದಲ್ಲಿ 2005ರಲ್ಲೇ ಕಾನೂನಾಗಿದೆ. ಅಷ್ಟು ದಿನ ಸೇರಿದ ವರ್ಷ ಅಪರೂಪ. ಅದೇ ಸದನದಲ್ಲಿ 2025ರ ಮಾರ್ಚ್‌ನಲ್ಲಿ ಶಾಸಕರ ಮೂಲ ವೇತನವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸುವ ಮಸೂದೆ ಗದ್ದಲದ ನಡುವೆಯೇ ಪಾಸಾಯಿತು. ಸಂಬಳ ಕೊಡುವುದಕ್ಕೆ ನನ್ನ ತಕರಾರಿಲ್ಲ. ಸಂಬಳ ಸರಿಯಿದ್ದರೆ ಕಂಟ್ರಾಕ್ಟರನ ಹಂಗು ಕಡಿಮೆಯಾಗಬಹುದು. ಆದರೆ ತೋಟದ ಆಳಿಗೆ ಸಂಬಳ ಹೆಚ್ಚಿಸುವಾಗ ನಾವು ಹಾಜರಿ ನೋಡುತ್ತೇವೋ ಇಲ್ಲವೋ?

ನಾವು ಮಾಡಬಹುದಾದದ್ದು

ದೂರು ಹೇಳಿ ಮುಗಿಸುವುದು ನಮ್ಮ ಪತ್ರಿಕೆಯ ರೂಢಿಯಲ್ಲ. ಖರ್ಚಿಲ್ಲದ ಒಂದು ಕೆಲಸ ಸೂಚಿಸುತ್ತೇನೆ.

ಪ್ರತಿ ಅಧಿವೇಶನದಲ್ಲೂ ಶಾಸಕರು ಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ನಿಂತು ಬಾಯಲ್ಲಿ ಉತ್ತರ ಹೇಳಬೇಕು, ಅದರ ಮೇಲೆ ಉಪಪ್ರಶ್ನೆಯೂ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಬರವಣಿಗೆಯಲ್ಲಿ ಉತ್ತರ. ಎರಡೂ ಸರಕಾರದ ದಾಖಲೆ. ಆಫೀಸಿನ ಕಿಟಕಿಯಲ್ಲಿ ನಮಗೆ ಸಿಗದ ಅಂಕಿ-ಅಂಶ ಅಲ್ಲಿ ಸಿಗುತ್ತದೆ, ಯಾಕೆಂದರೆ ಸದನಕ್ಕೆ ಸುಳ್ಳು ಹೇಳುವುದು ಸಣ್ಣ ತಪ್ಪಲ್ಲ.

ನಮ್ಮ ನಮ್ಮ ಊರಿನ ಸಹಕಾರಿ ಸಂಘದಲ್ಲೋ ಹಾಲಿನ ಡೇರಿಯಲ್ಲೋ ಹತ್ತು ಜನ ಕೂತು ಎರಡು ಪ್ರಶ್ನೆ ಬರೆಯೋಣ. ಉದಾಹರಣೆಗೆ: ನಮ್ಮ ತಾಲೂಕಿನಲ್ಲಿ ನಮೂನೆ 50, 53, 57ರಲ್ಲಿ ಬಂದ ಅಕ್ರಮ-ಸಕ್ರಮ ಅರ್ಜಿ ಎಷ್ಟು, ಮಂಜೂರಾದದ್ದೆಷ್ಟು, ತಿರಸ್ಕರಿಸಿದ್ದೆಷ್ಟು, ಯಾವ ಕಾರಣಕ್ಕೆ? ನಮ್ಮ ಪಂಚಾಯ್ತಿಯ ಮಳೆಮಾಪಕ ಕಳೆದ ವರ್ಷ ಎಷ್ಟು ದಿನ ಕೆಟ್ಟಿತ್ತು, ಕೆಟ್ಟ ದಿನಗಳ ಬೆಳೆವಿಮೆ ಲೆಕ್ಕ ಹೇಗೆ ಹಾಕಿದರು? ಎಲೆಚುಕ್ಕಿ ರೋಗಕ್ಕೆಂದು ನಮ್ಮ ತಾಲೂಕಿಗೆ ಬಂದ ದುಡ್ಡೆಷ್ಟು, ಯಾವುದಕ್ಕೆ ಖರ್ಚಾಯಿತು? ಸಹಿ ಹಾಕಿ, ಅಧಿವೇಶನ ಶುರುವಾಗುವ ಸಾಕಷ್ಟು ಮುಂಚೆ, ಶಾಸಕರ ಕೈಯಲ್ಲಿ ಕೊಟ್ಟು "ಇದನ್ನು ಸದನದಲ್ಲಿ ಕೇಳಿ" ಎನ್ನೋಣ. ಆಡಳಿತ ಪಕ್ಷದವರಾಗಲಿ ವಿರೋಧ ಪಕ್ಷದವರಾಗಲಿ ಕೇಳಬಹುದು. ಅಧಿವೇಶನ ಮುಗಿದ ಮೇಲೆ ಉತ್ತರದ ಪ್ರತಿ ತರಿಸಿ ಅದೇ ಸಂಘದ ನೋಟೀಸ್ ಬೋರ್ಡಿಗೆ ಅಂಟಿಸೋಣ. ಕೇಳದಿದ್ದರೆ "ಕೇಳಲಿಲ್ಲ" ಎಂದೂ ಅಂಟಿಸೋಣ. ಬೈಗುಳ ಬೇಡ, ಧಿಕ್ಕಾರ ಬೇಡ, ಪಕ್ಷದ ಹೆಸರೂ ಬೇಡ.

ಐದು ವರ್ಷದಲ್ಲಿ ಹತ್ತು ಹನ್ನೆರಡು ಅಧಿವೇಶನ. ಒಂದು ಕ್ಷೇತ್ರದಲ್ಲಿ ಇಪ್ಪತ್ತು ಊರಿನವರು ಹೀಗೆ ಮಾಡಿದರೆ ಮುಂದಿನ ಚುನಾವಣೆಯ ಹೊತ್ತಿಗೆ ಶಾಸಕರ ಕೆಲಸದ ಪಹಣಿ ನಮ್ಮ ಕೈಯಲ್ಲೇ ಇರುತ್ತದೆ. ಆಗ ಮನೆಗೆ ಬಂದವರ ಹತ್ತಿರ "ರಸ್ತೆ ಯಾವಾಗ?" ಎಂದು ಕೇಳುವ ಬದಲು ಆ ಕಾಗದ ಮುಂದಿಡಬಹುದು.

ಗೋಪಾಲಗೌಡರಂಥವರು ಈಗ ಎಲ್ಲಿದ್ದಾರೆ ಎಂದು ಕೆಲವರು ನಿಟ್ಟುಸಿರು ಬಿಡುತ್ತಾರೆ. ಅಂಥವರು ಆಕಾಶದಿಂದ ಬಿದ್ದವರಲ್ಲ. ಗೇಣಿಯ ಗದ್ದೆಯಲ್ಲಿ ದುಡಿದು ತಿನ್ನುತ್ತಿದ್ದ ಜನ ತಮ್ಮ ಸೊಂಟದ ಗಂಟು ಬಿಚ್ಚಿ ಒಂದು ರೂಪಾಯಿ ಕೊಟ್ಟು ಅವರನ್ನು ಕಳಿಸಿದರು. ನಮಗೆ ರೂಪಾಯಿ ಕೊಡುವುದು ಬೇಡ. ಒಂದು ಪ್ರಶ್ನೆ ಬರೆದು ಕೊಟ್ಟರೆ ಸಾಕು.